ಒಂದು ಮನೆ, ಎರಡು ಫೈಲು

ಡ್ರಾಯಿಂಗ್ ಮೇಷ್ಟ್ರ ಕಷ್ಟಕ್ಕೆಲ್ಲ ಕಾರಣವಾದದ್ದು 'ಮತ್ತು' ಎಂಬ ಪುಟ್ಟ ಪದ. ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲಿ ಅವರು 'ಹಳೆಯ ಮನೆಯೊಂದನ್ನು ಕೊಳ್ಳಲು ಮತ್ತು ರಿಪೇರಿ ಮಾಡಿಸಲು ಸಾಲ ಬೇಕಾಗಿದೆ' ಎಂದು ದುಂಡಗೆ ಬರೆದಿದ್ದರು. ಅಕ್ಷರಗಳು ಮುತ್ತು ಪೋಣಿಸಿದ ಹಾಗಿದ್ದವು. ಮ್ಯಾನೇಜರು ಆ ಮುತ್ತುಗಳ ಮೇಲೆ ಕೆಂಪು ಪೆನ್ನು ಆಡಿಸುತ್ತ ಬಂದು 'ಮತ್ತು' ಎಂಬಲ್ಲಿ ನಿಂತರು.

"ಮೇಷ್ಟ್ರೇ, ನಮ್ಮಲ್ಲಿ ಮನೆ ಕೊಳ್ಳೋಕೆ ಸಾಲ ಇದೆ. ರಿಪೇರಿಗೂ ಸಾಲ ಇದೆ. 'ಮತ್ತು'ಗೆ ಇಲ್ಲ."

"ಮನೆ ಒಂದೇ ಅಲ್ವಾ ಸರ್?"

"ಮನೆ ಒಂದೇ. ಫೈಲು ಎರಡು. ಕೊಳ್ಳೋ ಫೈಲಿಗೆ ಬೆಲೆ ಕಟ್ಟೋರು ಬರ್ತಾರೆ. ಮನೆ ಗಟ್ಟಿಮುಟ್ಟಾಗಿದ್ರೆ ಸಾಲ ಕೊಡ್ತೀವಿ. ರಿಪೇರಿ ಫೈಲಿಗೆ ಇಂಜಿನಿಯರ್ ಬರ್ತಾರೆ. ಮನೆ ಹಾಳಾಗಿದ್ರೆ ಸಾಲ ಕೊಡ್ತೀವಿ."

"ಅಂದ್ರೆ ಗಟ್ಟಿಯಾಗೂ ಇರ್ಬೇಕು, ಹಾಳೂ ಆಗಿರ್ಬೇಕಾ?"

"ಅದನ್ನ ನೀವು ಮನೆ ಹತ್ರ ಮಾತಾಡ್ಕೊಳ್ಳಿ" ಎಂದು ಮ್ಯಾನೇಜರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಮೇಷ್ಟ್ರಿಗೆ ಎದ್ದು ಹೋಗುವ ಧೈರ್ಯವಿರಲಿಲ್ಲ. ಅವರಿದ್ದ ಬಾಡಿಗೆ ಮನೆಯನ್ನು ಕೆಡವಿ ಅಂಗಡಿ ಸಾಲು ಕಟ್ಟುವುದೆಂದು ತೀರ್ಮಾನವಾಗಿತ್ತು. ತಿಂಗಳ ಕೊನೆಗೆ ಬೀಗದ ಕೈ ಕೊಟ್ಟು ಹೊರಡಬೇಕು. ಊರಲ್ಲಿ ಅವರ ಕೈಗೆ ಎಟುಕುವಂತೆ ಮಾರಾಟಕ್ಕಿದ್ದದ್ದು ಇದೊಂದೇ ಹಳೆಯ ಮನೆ. ಅದರ ಯಜಮಾನರೇ ಚಾವಣಿ ತಲೆ ಮೇಲೆ ಬಿದ್ದೀತೆಂದು ಹೆದರಿ, ವರ್ಷಗಳ ಹಿಂದೆ ಬೀದಿಯ ಕೊನೆಯಲ್ಲಿದ್ದ ಮಗಳ ಮನೆ ಸೇರಿಕೊಂಡಿದ್ದರು. ಮಾತುಕತೆಗೂ ಒಳಗೆ ಕಾಲಿಡದೆ, ಗೇಟಿನ ಹೊರಗೇ ನಿಂತು ಬೆಲೆ ಹೇಳಿದ್ದರು. ಮೇಷ್ಟ್ರ ಹೆಂಡತಿ ಹೊಲಿಗೆ ಯಂತ್ರ ತುಳಿದು ಕೂಡಿಟ್ಟಿದ್ದ ದುಡ್ಡೆಲ್ಲ ಮುಂಗಡವಾಗಿ ಯಜಮಾನರ ಜೇಬು ಸೇರಿತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಬೆಲೆ ಕಟ್ಟುವವರು ಬೆಳಿಗ್ಗೆ, ಇಂಜಿನಿಯರು ಮಧ್ಯಾಹ್ನ, ಇಬ್ಬರೂ ಒಂದೇ ದಿನ ಬರುವುದೆಂದು ಗೊತ್ತಾಯಿತು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಾಗ ಭಾಮೈದ ತೊಡೆ ತಟ್ಟಿ ಎದ್ದ. ಅವನದು ಹಳೆಯ ಸ್ಕೂಟರುಗಳ ವ್ಯಾಪಾರ. ತಳ್ಳಿದರೂ ಉರುಳದ ಗಾಡಿಯನ್ನು 'ಒಬ್ಬರೇ ಡಾಕ್ಟರು ಓಡಿಸಿದ್ದು' ಎಂದು ಮಾರುವ ಪೈಕಿ.

"ಭಾವ, ಯಾವ ಗಾಡಿನೂ ಪೂರ್ತಿ ಕೆಟ್ಟಿರಲ್ಲ. ನಾವು ತೋರಿಸೋ ಮಗ್ಗುಲು ತಪ್ಪಿರುತ್ತೆ ಅಷ್ಟೆ. ಬೆಳಿಗ್ಗೆ ಮನೆ ಮದುಮಗನ ಥರ ಇರ್ಬೇಕು. ಮಧ್ಯಾಹ್ನ ರೋಗಿ ಥರ ಮಲಗ್ಬೇಕು. ನಡುವೆ ಊಟದ ಹೊತ್ತಿದೆಯಲ್ಲ, ಬೇಕಾದಷ್ಟಾಯ್ತು."

"ಸುಳ್ಳು ಹೇಳ್ಬೇಕಾಗುತ್ತಲ್ಲೋ."

"ಒಬ್ಬೊಬ್ಬರಿಗೆ ಅರ್ಧರ್ಧ ನಿಜ ಹೇಳ್ತೀವಿ. ಸೇರಿಸಿದ್ರೆ ಪೂರ್ತಿ ನಿಜಾನೇ ಆಗುತ್ತೆ."

ಆ ದಿನ ಮೇಷ್ಟ್ರು ಶಾಲೆಗೆ ರಜೆ ಹಾಕಿ, ಬೆಳಕು ಹರಿಯುತ್ತಿದ್ದಂತೆ ಬಣ್ಣದ ಪೆಟ್ಟಿಗೆ ಹಿಡಿದು ಹಳೇ ಮನೆಗೆ ಬಂದರು. ಮುಂದಿನ ಹಾಲಿನ ಗೋಡೆಯಲ್ಲಿ ಚಾವಣಿಯಿಂದ ನೆಲದವರೆಗೆ ಒಂದು ಬಿರುಕು, ಭೂಪಟದಲ್ಲಿ ನದಿ ಇಳಿದ ಹಾಗೆ ಬಳುಕುತ್ತ ಇಳಿದಿತ್ತು. ಸೀಮೆಸುಣ್ಣದ ಪುಡಿಗೆ ಶಾಲೆಯ ಗೋಂದು ಕಲಸಿ ಮೇಷ್ಟ್ರು ಆ ನದಿಯನ್ನು ಮುಚ್ಚಿದರು. ಮೇಲೆ ಗೋಡೆಯ ಬಣ್ಣವನ್ನೇ ಹದವಾಗಿ ಬೆರೆಸಿ ಹಚ್ಚಿದರು. ಬಾಲ್ಕನಿಯ ಕಂಬಿಗಳು ಹಲ್ಲು ಬಿದ್ದ ಬಾಯಿಯಂತಿದ್ದುದರಿಂದ ಹೆಂಡತಿ ಅವುಗಳ ಮೇಲೆ ಎರಡು ಚಾದರ ಹರವಿದಳು. ಅಡುಗೆಮನೆಯ ಬಗ್ಗೆ ಮಾತ್ರ ಯಾರಿಗೂ ಏನೂ ತೋಚಲಿಲ್ಲ. ಅದಕ್ಕೆ ಬೀಗ ಜಡಿದರು.

ಕಾವಲಿಗೆ ಪಕ್ಕದ ಮನೆಯ ಹೈಕೋರ್ಟು ತಾವಾಗಿಯೇ ಬಂದು ನಿಂತಿದ್ದರು. ನ್ಯಾಯಾಲಯದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತರಾದವರು ಅವರು. 'ಹೈಕೋರ್ಟು' ಎಂಬುದು ಬೀದಿಯವರು ಇಟ್ಟ ಹೆಸರು. ಕೂಗಿ ಕೂಗಿ ಅವರ ಗಂಟಲಿಗೆ ಪಿಸುಮಾತೇ ಮರೆತುಹೋಗಿತ್ತು.

"ಯಾರಾದ್ರೂ ಬಂದ್ರೆ ಮೆಲ್ಲಗೆ ಒಂದು ಸನ್ನೆ ಮಾಡಿ ಸಾಕು" ಎಂದ ಭಾಮೈದ.

"ಆಗ್ಲಪ್ಪಾ! ಯಾರಿಗೂ ಗೊತ್ತಾಗದ ಹಾಗೆ ಮಾಡ್ತೀನಿ!" ಎಂದರು ಹೈಕೋರ್ಟು. ಮೂರು ಮನೆಯಾಚೆ ಮಲಗಿದ್ದ ನಾಯಿ ಎದ್ದು ಕೂತಿತು.

ಗೋಡೆಯ ಬಣ್ಣ ಆರುತ್ತಿದ್ದಂತೆ ಗೇಟಿನಿಂದ ಗುಡುಗು ಕೇಳಿಸಿತು. "ಬ್ಯಾಂಕಿನವರು ಬಂದ್ರೂ!"

ಒಳಗೆ ಬಂದವರು ದಪ್ಪನೆಯ ಆಸಾಮಿ. ಕೈಯಲ್ಲಿ ಚೀಲ, ಚೀಲದಲ್ಲಿ ಬ್ಯಾಟರಿ, ಸುತ್ತಿಗೆ. ಭಾಮೈದ ಅವರನ್ನು ಕೂರಲೂ ಬಿಡಲಿಲ್ಲ.

"ಗೋಡೆ ನೋಡಿ ಸರ್, ಆನೆ ಬಂದು ಬೆನ್ನು ಉಜ್ಜಿದ್ರೂ ಅಲ್ಲಾಡಲ್ಲ. ಚಾವಣಿ ನೋಡಿ. ಹನಿ ನೀರು ಸೋರಿದ್ರೆ ನನ್ನ ಕಿವಿ ಹಿಂಡಿ."

ದಪ್ಪನೆಯವರು ಗೋಡೆ ನೋಡಿದರು. ಒಂದೊಂದು ಹೊಗಳಿಕೆಗೂ ಅವರ ಮುಖ ಒಂದೊಂದು ಅಂಗುಲ ಇಳಿಯಿತು. ಹೊಗಳಿದ್ದು ಸಾಲಲಿಲ್ಲವೇನೋ ಎಂದು ಮೇಷ್ಟ್ರೂ ದನಿಗೂಡಿಸಿದರು. "ಒಂದು ಬಿರುಕು ತೋರಿಸಿ ಸರ್ ನೋಡೋಣ!"

"ಅದನ್ನ ತೋರಿಸೋಕೆ ನೀವಲ್ವೇನ್ರೀ ನನ್ನ ಕರೆಸಿರೋದು?" ಎಂದರು ಅವರು ಸಿಡುಕಿ. "ಬಿರುಕಿಲ್ಲ, ಸೋರಿಕೆ ಇಲ್ಲ. ರಿಪೇರಿ ಸಾಲ ಯಾತಕ್ಕೆ? ನನ್ನ ಹೊತ್ತು ಹಾಳು."

"ತಾವು... ಬೆಲೆ ಕಟ್ಟೋರಲ್ವಾ?" ಎಂದರು ಮೇಷ್ಟ್ರು.

"ಅವರು ಮಧ್ಯಾಹ್ನ ಬರ್ತಾರೆ. ಮಧ್ಯಾಹ್ನ ನನ್ನ ಮನೆಯವಳಿಗೆ ಹಲ್ಲು ಕೀಳಿಸೋದಿತ್ತು, ಅದಕ್ಕೆ ಅದಲು ಬದಲು ಮಾಡ್ಕೊಂಡ್ವಿ. ನಾನು ಇಂಜಿನಿಯರು."

ಭಾಮೈದನ ಬಾಯಿ ತೆರೆದುಕೊಂಡಿತು. ಸ್ಕೂಟರ್ ವ್ಯಾಪಾರದಲ್ಲಿ ಗಾಡಿ ಕೆಟ್ಟಿದೆ ಎಂದು ಸಾಧಿಸಬೇಕಾದ ಪ್ರಸಂಗ ಅವನಿಗೆ ಒಮ್ಮೆಯೂ ಬಂದಿರಲಿಲ್ಲ. ಮೊದಲು ಚೇತರಿಸಿಕೊಂಡವಳು ಮೇಷ್ಟ್ರ ಹೆಂಡತಿ.

"ಇವರಿಗೆ ಮನೆ ಮೇಲೆ ಮೋಹ ಸರ್, ತಾಯಿಗೆ ಮಗು ಕುರೂಪಿ ಅನಿಸುತ್ತಾ? ಹಾಗೆ. ನೀವು ಮೊದಲು ಬಾಲ್ಕನಿ ನೋಡಿ ಬನ್ನಿ" ಎಂದು ಅವರನ್ನು ಮೆಟ್ಟಿಲ ಕಡೆ ಕರೆದುಕೊಂಡು ಹೋದಳು. ಹೋಗುತ್ತ ಗಂಡನ ಕಡೆ ತಿರುಗಿ ಒಂದು ನೋಟ ಬೀರಿದಳು. ಆ ನೋಟಕ್ಕೇ ಗೋಡೆ ಬಿರಿಯಬೇಕಿತ್ತು.

ಬಿರಿಯಲಿಲ್ಲ. ಮೇಷ್ಟ್ರೂ ಭಾಮೈದನೂ ಸ್ಕ್ರೂಡ್ರೈವರ್ ಹಿಡಿದು ಬಿರುಕನ್ನು ಕೆದಕತೊಡಗಿದರು. ಸ್ಕ್ರೂಡ್ರೈವರ್ ಬಗ್ಗಿತು. ಶಾಲೆಯಲ್ಲಿ ಎರಡು ಕಾಗದ ಅಂಟಿಸಲೂ ಆಗದ ಆ ಗೋಂದು, ಗೋಡೆಯೊಳಗೆ ಬಂಡೆಯಾಗಿ ಕೂತಿತ್ತು. ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಮೇಷ್ಟ್ರು ಮಾಡಿದ ಕೆಲಸವೊಂದು ಶಾಶ್ವತವಾಗಿ ಉಳಿದದ್ದು ಇದೇ ಮೊದಲು.

"ಬಿಡಿಸಿ ಭಾವ!" ಎಂದ ಭಾಮೈದ ಉಬ್ಬಸಪಡುತ್ತ.

"ಬಿಡಿಸ್ತಾ ಇದೀನಲ್ಲೋ, ಬರ್ತಾ ಇಲ್ಲ."

"ಕೆದಕಿ ಅಲ್ಲ, ಚಿತ್ರ ಬಿಡಿಸಿ! ಡ್ರಾಯಿಂಗ್ ಮೇಷ್ಟ್ರು ತಾನೇ ನೀವು?"

ಮೇಷ್ಟ್ರು ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿದರು. ಮುಚ್ಚಿದ ಬಿರುಕಿನ ನೆತ್ತಿಯ ಮೇಲೇ ಇನ್ನೊಂದು ಬಿರುಕು ಇಳಿಯತೊಡಗಿತು. ಕವಲು, ನೆರಳು, ಅಂಚಿನ ಉದುರು ಎಲ್ಲ ಸೇರಿ ಅಸಲು ಬಿರುಕೇ ನಾಚುವ ಹಾಗಿತ್ತು. ಕೊನೆಯ ಗೆರೆ ನೆಲ ಮುಟ್ಟುವ ಹೊತ್ತಿಗೆ ಮೇಲೆ ಧಡಾರ್ ಎಂದು ಸದ್ದಾಯಿತು. ಹಿಂದೆಯೇ ಹೊರಗಿನಿಂದ ಹೈಕೋರ್ಟಿನ ತೀರ್ಪು ಬಂತು. "ಅಯ್ಯೋ ನನ್ನ ಹೂವಿನ ಕುಂಡಾ!"

ಇಂಜಿನಿಯರು ಬೆವರೊರೆಸುತ್ತ ಇಳಿದು ಬಂದರು. "ಕಂಬಿ ಮೇಲೆ ಕೈ ಇಟ್ಟೆ ಅಷ್ಟೆ. ಕಂಬಿ ಹೋಯ್ತು, ಪುಣ್ಯಕ್ಕೆ ಕೈ ಉಳೀತು. ಇದನ್ನೇನ್ರೀ ನೀವು ಗಟ್ಟಿ ಅಂದಿದ್ದು?" ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲೆ ಬಿತ್ತು. "ಈ ಬಿರುಕು ಆಗ ಇರಲಿಲ್ವಲ್ಲ?"

"ಈಗ ಬಂತು ಸರ್" ಎಂದ ಭಾಮೈದ. "ಕಂಬಿ ಬಿತ್ತಲ್ಲ, ಆ ಅದುರಿಗೆ."

ಇಂಜಿನಿಯರು ಹತ್ತಿರ ಹೋಗಿ ಬಿರುಕಿನ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು. ಅದನ್ನು ಮೂಗಿನ ಬಳಿ ಹಿಡಿದು, ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕುಂಚವನ್ನು ಬೆನ್ನ ಹಿಂದೆ ಅಡಗಿಸಿ ಕಣ್ಣು ಮುಚ್ಚಿದರು. ಬಾಯಿಗೆ ಬಂದದ್ದು ಹೊರಬಿತ್ತು.

"ಒಳಗಿಂದ ಕಪ್ಪು ನೀರು ಇಳೀತಾ ಇದೆ ಸರ್."

"ಕಪ್ಪು ನೀರು!" ಇಂಜಿನಿಯರ ದನಿಯಲ್ಲಿ ಭಕ್ತಿಯಿತ್ತು. ಪುಸ್ತಕದಲ್ಲಿ ಓದಿದ ಕಾಯಿಲೆಯನ್ನು ಕೊನೆಗೂ ಕಣ್ಣಾರೆ ಕಂಡ ವೈದ್ಯರ ಹಾಗೆ ಅವರು ಅರಳಿದರು. "ತಳಪಾಯದಿಂದಲೇ ಎಬ್ಬಿಸ್ಬೇಕು ಇದನ್ನ. ಆ ಬೀಗ ಹಾಕಿರೋದು ಅಡುಗೆಮನೆನಾ? ತೆಗೀರಿ."

ಅಡುಗೆಮನೆಯಲ್ಲಿ ಯಾರೂ ಏನೂ ಬಿಡಿಸಬೇಕಾಗಿರಲಿಲ್ಲ. ಇಂಜಿನಿಯರು ಸುತ್ತಿಗೆ ಹಿಡಿದು ಒಳಹೊಕ್ಕು, ಮಿಠಾಯಿ ಅಂಗಡಿಗೆ ನುಗ್ಗಿದ ಮಗುವಿನಂತೆ ಅಲ್ಲಲ್ಲಿ ಕುಟ್ಟತೊಡಗಿದರು. ಮೇಷ್ಟ್ರು ಗೋಡೆಗೊರಗಿ ಉಸಿರುಬಿಟ್ಟರು. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಗೇಟು ಗುಡುಗಿತು.

"ಇನ್ನೊಬ್ರೂ ಬಂದ್ರೂ! ಗಟ್ಟಿ ಮನೆ ನೋಡೋರು!"

ಬಂದವರು ಕೊಕ್ಕರೆಯಂಥ ಮನುಷ್ಯ. ಉದ್ದ ಕಾಲು, ಉದ್ದ ಕತ್ತು, ಕೈಯಲ್ಲಿ ಅಳತೆಯ ಟೇಪು. "ಮಧ್ಯಾಹ್ನ ಬಿಸಿಲು ಜಾಸ್ತಿ, ಈಗಲೇ ಮುಗಿಸೋಣ ಅಂತ ಬಂದೆ. ಯಾರದು, ಗಟ್ಟಿ ಮನೆ ಅಂತ ಕೂಗಿದ್ದು?"

"ಬೀದಿಯೋರೆಲ್ಲ ಈ ಮನೇನ ಹಾಗೇ ಕರೆಯೋದು ಸರ್" ಎಂದ ಭಾಮೈದ. ವ್ಯಾಪಾರ ಪರಿಚಿತ ದಾರಿಗೆ ಮರಳಿದ್ದರಿಂದ ಅವನ ದನಿಗೆ ಜೀವ ಬಂದಿತ್ತು. ಆದರೆ ಕೊಕ್ಕರೆಯವರ ಕತ್ತು ಆಗಲೇ ಗೋಡೆಯ ಕಡೆ ಚಾಚಿತ್ತು.

"ಇದೇನಿದು? ಇಷ್ಟು ದೊಡ್ಡ ಬಿರುಕು?"

"ಬಿರುಕಲ್ಲ ಸರ್, ಮರ" ಎಂದರು ಮೇಷ್ಟ್ರು. ತಾವೇ ಹಾಗೆ ಅಂದದ್ದೆಂದು ಅವರಿಗೆ ಗೊತ್ತಾದದ್ದು ಅಂದ ಮೇಲೆ. "ನಾನು ಡ್ರಾಯಿಂಗ್ ಮೇಷ್ಟ್ರು. ಗೋಡೆ ಬರಿದಾಗಿತ್ತು... ಇನ್ನೂ ಎಲೆ ಹಾಕಿಲ್ಲ." ಹಾಗೆನ್ನುತ್ತಲೇ ಹಸಿರು ಬಣ್ಣ ಎತ್ತಿ ಕವಲು ಕವಲಿಗೂ ಎಲೆ ಮೆತ್ತಿದರು. ಸಾಲದೆಂದು ಒಂದು ಕೊಂಬೆಯ ಮೇಲೆ ಹಕ್ಕಿ ಕೂರಿಸಿದರು. ಅವಸರಕ್ಕೆ ಅದಕ್ಕೆ ಉದ್ದ ಕತ್ತು ಬಂದುಬಿಟ್ಟಿತು.

ಕೊಕ್ಕರೆಯವರು ಹಕ್ಕಿಯನ್ನು ಕೊಂಚ ಹೊತ್ತು ನೋಡಿದರು. ಆಮೇಲೆ ಮರದ ಕಾಂಡಕ್ಕೆ ಗೆಣ್ಣಿನಿಂದ ಬಡಿದರು. ಠಣ್ ಎಂದಿತು. "ಅಬ್ಬಾ, ಈ ಕಾಲದಲ್ಲಿ ಇಂಥ ಗೋಡೆ ಎಲ್ಲಿದೆ ಹೇಳಿ! ಎಲ್ಲೂ ಟೊಳ್ಳಿಲ್ಲ."

ಅದೇ ಹೊತ್ತಿಗೆ ಒಳಗಿನಿಂದ ಧಡ್ ಧಡ್ ಎಂದು ಕುಟ್ಟುವುದು ಕೇಳಿಸಿತು.

"ಅದೇನು ಸದ್ದು?"

"ಪಕ್ಕದ ಮನೇಲಿ ಏನೋ ಕೆಲಸ ನಡೀತಿದೆ ಸರ್" ಎಂದಳು ಮೇಷ್ಟ್ರ ಹೆಂಡತಿ.

ಕಿಟಕಿಯಾಚೆಯಿಂದ ಹೈಕೋರ್ಟು ತಕ್ಷಣ ಆಕ್ಷೇಪಿಸಿದರು. "ಪಕ್ಕದ ಮನೆ ನಂದು! ನಮ್ಮನೇಲಿ ಯಾವ ಕೆಲಸಾನೂ ಇಲ್ಲ!"

ಇದಕ್ಕೆ ಉತ್ತರ ಹೊಳೆಯುವ ಮೊದಲೇ ಅಡುಗೆಮನೆಯಲ್ಲಿ ಭೂಮಿ ಬಾಯಿಬಿಟ್ಟ ಹಾಗೆ ಸದ್ದಾಗಿ, ಬಾಗಿಲಿನಿಂದ ಸುಣ್ಣದ ಮೋಡವೊಂದು ಹೊರಬಂತು. ಮೋಡದ ಹಿಂದೆ ಇಂಜಿನಿಯರು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಕೆತ್ತಿ ಅರ್ಧಕ್ಕೆ ಬಿಟ್ಟ ವಿಗ್ರಹದಂತಿದ್ದರು. ಕಣ್ಣುಗಳು ಮಾತ್ರ ಸಂತೋಷದಿಂದ ಹೊಳೆಯುತ್ತಿದ್ದವು.

"ಚಾವಣಿ ಪೂರ್ತಿ ಬಿತ್ತು!" ಎಂದರು. ಆಮೇಲೆ ಕೊಕ್ಕರೆಯವರನ್ನು ಕಂಡು, "ಓ, ನೀವೂ ಬಂದ್ರಾ?" ಎಂದರು.

ಮೇಷ್ಟ್ರು ಮೆಲ್ಲಗೆ ನೆಲದ ಮೇಲೆ ಕುಸಿದು ಕೂತರು. ಹೆಂಡತಿಯ ಹೊಲಿಗೆಯ ದುಡ್ಡು ಕಣ್ಣೆದುರಿಗೇ ಸುಣ್ಣವಾಗಿ ತೇಲಾಡಿತು. ಭಾಮೈದ ಸದ್ದಿಲ್ಲದೆ ಬಾಗಿಲ ಕಡೆ ಜರುಗುತ್ತಿದ್ದ.

ಆದರೆ ಇಬ್ಬರು ಅಧಿಕಾರಿಗಳೂ ಆರಾಮವಾಗಿ ಅಕ್ಕಪಕ್ಕ ನಿಂತು ಬರೆಯಲು ಶುರುಮಾಡಿದ್ದರು.

"ಸರ್" ಎಂದರು ಮೇಷ್ಟ್ರು ಇಬ್ಬರಿಗೂ ಸೇರಿಸಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಅಡುಗೆಮನೆ ಚಾವಣಿ..."

"ನನ್ನ ಫೈಲಲ್ಲಿ ಅಡುಗೆಮನೆಗೆ ಜಾಗ ಇಲ್ಲ" ಎಂದರು ಕೊಕ್ಕರೆಯವರು ತಲೆಯೆತ್ತದೆ. "ಮುಂದಿನ ಗೋಡೆ, ನಿವೇಶನದ ಅಳತೆ, ರಸ್ತೆ ಅಗಲ. ಮೂರೂ ಚೆನ್ನಾಗಿವೆ."

"ನನ್ನ ಫೈಲಲ್ಲಿ ಚೆನ್ನಾಗಿದೆ ಅಂತ ಬರೆಯೋಕೇ ಜಾಗ ಇಲ್ಲ" ಎಂದರು ಇಂಜಿನಿಯರು, ಹುಬ್ಬಿನ ಸುಣ್ಣ ಕೊಡವುತ್ತ. "ಅವರದ್ದು ಅವರಿಗೆ, ನನ್ನದು ನನಗೆ. ಅವರ ಕೆಲಸದಲ್ಲಿ ನಾನು ಕೈ ಹಾಕಲ್ಲ."

ಮೇಷ್ಟ್ರಿಗೆ ಎದ್ದು ಇಬ್ಬರ ಕಾಲಿಗೂ ಬೀಳಬೇಕೆನಿಸಿತು. ಬಾಗಿಲ ಕಡೆ ಜರುಗಿದ್ದ ಭಾಮೈದ ಅಷ್ಟೇ ಸದ್ದಿಲ್ಲದೆ ವಾಪಸು ಬಂದು, "ನಾನು ಹೇಳಲಿಲ್ವಾ ಭಾವ?" ಎಂದ.

"ಮಾರೋರು ಎಷ್ಟು ಹೇಳಿದಾರೆ?" ಎಂದು ಕೇಳಿದರು ಕೊಕ್ಕರೆಯವರು. ಮೇಷ್ಟ್ರು ಹೇಳಿದರು. ಅವರು ನಕ್ಕರು. "ಅಷ್ಟೇನಾ? ಪಾಪ, ಅವರಿಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಇದು ಅದರ ಎರಡು ಪಟ್ಟು ಬಾಳುತ್ತೆ."

"ಎರಡು ಪಟ್ಟಾ!" ಎಂದರು ಕಿಟಕಿಯಲ್ಲಿದ್ದ ಹೈಕೋರ್ಟು. ನೆರೆಯವರ ಭಾಗ್ಯ ಕಂಡು ಅವರ ಹೃದಯ ತುಂಬಿ ಬಂದಿತ್ತು. ತಿರುಗಿ ಬೀದಿಗೆ ಮುಖ ಮಾಡಿ, ಕೋರ್ಟಿನ ದಿನಗಳಲ್ಲಿ ಕೂಗಿದಂತೆ ಮೂರು ಸಲ ಕೂಗಿದರು. "ಮೇಷ್ಟ್ರ ಮನೆಗೆ ಎರಡು ಪಟ್ಟೂ! ಬ್ಯಾಂಕಿನವರೇ ಹೇಳಿದ್ರೂ!"

ಬೀದಿಯ ಕೊನೆಗೆ ಅದು ಸ್ಪಷ್ಟವಾಗಿ ಕೇಳಿಸಿರಬೇಕು. ಮೇಷ್ಟ್ರ ಹೆಂಡತಿ ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿಯನ್ನು ಇಂಜಿನಿಯರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಯಜಮಾನರು ಊರುಗೋಲು ಊರಿಕೊಂಡು ಬಂದೇಬಿಟ್ಟರು. ಗೇಟಿನಾಚೆ ನಿಲ್ಲುವ ಮನುಷ್ಯ ಈ ಸಲ ನೇರ ಹಾಲಿನ ನಡುವೆ ಬಂದು ನಿಂತರು. ಗೋಡೆ ನೋಡಿದರು, ಮರ ನೋಡಿದರು, ಕೋಲಿನಿಂದ ಬುಡಕ್ಕೆ ತಟ್ಟಿ ಠಣ್ ಎಂಬುದನ್ನು ಕೇಳಿದರು.

"ಇದು ನನ್ನ ಮನೇನಾ?" ಎಂದರು.

"ನಿಮ್ದೇ ಸರ್. ರತ್ನದಂಥ ಆಸ್ತಿ" ಎಂದರು ಕೊಕ್ಕರೆಯವರು.

ಯಜಮಾನರು ಅಲ್ಲಿದ್ದ ಒಂದೇ ಕುರ್ಚಿಯ ಮೇಲೆ ನಿಧಾನವಾಗಿ ಕೂತರು. ಆ ಕೂರುವಿಕೆ ನೋಡಿಯೇ ಮೇಷ್ಟ್ರ ಹೆಂಡತಿ ಸೆರಗು ಬಿಗಿದು ಮುಂದೆ ಬಂದಳು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಇದನ್ನ ಮಾರೋಕೆ ನನಗೆ ಮನಸ್ಸು ಬರ್ತಾ ಇಲ್ಲ."

"ಮುಂಗಡ ತಗೊಂಡಿದೀರಲ್ಲ ಯಜಮಾನ್ರೇ!"

"ಕರಾರು ಪತ್ರ ಬರೆದಿದೀವಾ?"

ಮೇಷ್ಟ್ರು ಭಾಮೈದನನ್ನು ನೋಡಿದರು. ಭಾಮೈದ ಚಾವಣಿಯನ್ನು ನೋಡಿದ. ಮಾತು ಕೊಟ್ಟವರ ಹತ್ತಿರ ಕಾಗದ ಕೇಳಿದರೆ ಅವಮಾನ ಮಾಡಿದ ಹಾಗೆ ಎಂದು, ಪತ್ರದ ಖರ್ಚು ಉಳಿಸಿದ್ದವನು ಅವನೇ.

"ಹಾಗಾದ್ರೆ ನಮ್ಮ ದುಡ್ಡು ವಾಪಸ್ ಕೊಡಿ" ಎಂದಳು ಮೇಷ್ಟ್ರ ಹೆಂಡತಿ.

"ಅದು ಅಳಿಯನ ಅಂಗಡಿಗೆ ಹೋಯ್ತಲ್ಲಮ್ಮಾ. ಆದ್ರೆ ನಾನು ಮೋಸ ಮಾಡೋ ಮನುಷ್ಯ ಅಲ್ಲ. ನಿಮಗೂ ಮನೆ ಬೇಕು, ನಿಮ್ಮಂಥ ಒಳ್ಳೆಯವರು ನನಗೂ ಬೇಕು. ಅದನ್ನೇ ಡಿಪಾಸಿಟ್ ಅಂತ ಇಟ್ಕೊಂಡು ಬಾಡಿಗೆಗೆ ಕೊಡ್ತೀನಿ. ಆಸ್ತಿ ಬೆಲೆ ಎರಡು ಪಟ್ಟು ಅಂತ ಬ್ಯಾಂಕಿನವರೇ ಹೇಳಿದಾರೆ, ಬಾಡಿಗೆ ಅದಕ್ಕೆ ತಕ್ಕ ಹಾಗಿರುತ್ತೆ ಅಷ್ಟೆ."

"ಚಾವಣಿ ಇಲ್ಲದ ಅಡುಗೆಮನೆಗೆ ಬಾಡಿಗೇನಾ?" ಎಂದರು ಮೇಷ್ಟ್ರು. ಜೀವನದಲ್ಲಿ ಅಷ್ಟು ಜೋರಾಗಿ ಅವರು ಮಾತಾಡಿದ್ದೇ ಇಲ್ಲ. ಕಿಟಕಿಯಲ್ಲಿದ್ದ ಹೈಕೋರ್ಟು ಕೂಡ ಮೆಚ್ಚುಗೆಯಿಂದ ತಲೆದೂಗಿದರು.

ಆಗ ಇಂಜಿನಿಯರು ಕೆಮ್ಮಿದರು. ಸುಣ್ಣ ಹಾರಿತು. "ಅದಕ್ಕೇನು, ರಿಪೇರಿ ಫೈಲು ತಯಾರಾಗಿದೆಯಲ್ಲ. ಇಷ್ಟು ಕಷ್ಟಪಟ್ಟು ಬರೆದಿದೀನಿ, ಹರಿದು ಹಾಕೋಕಾಗುತ್ತಾ? ಮೇಷ್ಟ್ರ ಹೆಸರು ಹೊಡೆದು ಯಜಮಾನರ ಹೆಸರು ಹಾಕಿದ್ರೆ ಆಯ್ತು. ಮನೆ ಇರೋದೂ ಅವರ ಹೆಸರಲ್ಲೇ, ಇನ್ನೂ ಸಲೀಸು. ಯಜಮಾನ್ರೇ, ನಿಮ್ಮ ವಯಸ್ಸೆಷ್ಟು?"

"ಎಪ್ಪತ್ತಾರು."

"ಅದೊಂದೇ ತೊಡಕು. ಈ ವಯಸ್ಸಿಗೆ ಸಾಲ ಕೊಡ್ಬೇಕಾದ್ರೆ ಪಕ್ಕಾ ಸಂಬಳದೋರು ಯಾರಾದ್ರೂ ಜಾಮೀನು ನಿಲ್ಲಬೇಕು."

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಭಾಮೈದನಿಗೆ ಸಂಬಳವಿಲ್ಲ. ಹೈಕೋರ್ಟಿಗೆ ಪಿಂಚಣಿ. ಒಬ್ಬೊಬ್ಬರದಾಗಿ ಕಣ್ಣುಗಳೆಲ್ಲ ತಿರುಗಿ, ಕೈಯಲ್ಲಿ ಹಸಿರು ಕುಂಚ ಹಿಡಿದು ನಿಂತಿದ್ದ ಮೇಷ್ಟ್ರ ಮೇಲೆ ಬಂದು ಕೂತವು.

"ನಾನಾ?" ಎಂದರು ಮೇಷ್ಟ್ರು. "ಅವರ ಮನೆಗೆ? ಅವರ ಸಾಲಕ್ಕೆ?"

"ಇರೋರು ನೀವೇ ತಾನೇ? ಬೇರೆಯವರು ಯಾಕೆ ನಿಲ್ತಾರೆ?" ಎಂದರು ಯಜಮಾನರು, ತೀರ ಸಹಜವಾಗಿ.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಬಯ್ಯುತ್ತಾಳೆ, ಅವಳು ಬಯ್ದರೆ ಬಚಾವಾದೆ ಎಂದುಕೊಂಡರು. ಅವಳು ಬಯ್ಯಲಿಲ್ಲ. ಗೋಡೆಗೊರಗಿ ನಿಂತು ಸಣ್ಣ ದನಿಯಲ್ಲಿ, "ತಿಂಗಳ ಕೊನೆಗೆ ಆ ಮನೆ ಬಿಡ್ಬೇಕು. ನನ್ನ ದುಡ್ಡು ಇಲ್ಲಿ ಸಿಕ್ಕಾಕ್ಕೊಂಡಿದೆ. ಅಡುಗೆಮನೆಗೆ ಒಂದು ಚಾವಣಿಯಾದ್ರೂ ಆಗ್ಲಿ. ಹಾಕ್ಬಿಡಿ" ಎಂದಳು.

ಭಾಮೈದ ಆಗಲೇ ಯಜಮಾನರ ಕುರ್ಚಿಯ ಪಕ್ಕ ಬಗ್ಗಿ ನಿಂತಿದ್ದ. "ರಿಪೇರಿ ಕೆಲಸ ನಾನೇ ನಿಂತು ಮಾಡಿಸ್ತೀನಿ ಯಜಮಾನ್ರೇ. ಕಮಿಷನ್ ಬಗ್ಗೆ ಆಮೇಲೆ ಮಾತಾಡೋಣ."

ಇಂಜಿನಿಯರು ಕಾಗದ ಮುಂದಿಟ್ಟು, ಸಹಿಯ ಜಾಗವನ್ನು ಸುಣ್ಣದ ಬೆರಳಿನಿಂದ ತೋರಿಸಿದರು. ಮೇಷ್ಟ್ರು ಬಗ್ಗಿ, ಸಂಬಳದ ದಿನ ಹಾಕುವ ಅದೇ ದುಂಡು ಅಕ್ಷರದಲ್ಲಿ ಸಹಿ ಹಾಕಿದರು.

ಯಜಮಾನರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಿಂದ ಎದ್ದು ಬಾಗಿಲವರೆಗೆ ಹೋದರು. ಹೊಸ್ತಿಲಲ್ಲಿ ಏನೋ ನೆನಪಾಗಿ ತಿರುಗಿ ನಿಂತರು. ಮುಖದಲ್ಲಿದ್ದ ನಗು ಹೋಗಿ, ಅಲ್ಲಿ ಮನೆಯೊಡೆಯನ ಗಾಂಭೀರ್ಯ ಬಂದಿತ್ತು.

"ಮೇಷ್ಟ್ರೇ, ಈಗಲೇ ಹೇಳಿಬಿಡ್ತೀನಿ, ಆಮೇಲೆ ಮನಸ್ತಾಪ ಬೇಡ. ಬಾಡಿಗೆಗೆ ಇರೋರು ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ."